ಬಣ್ಣದ ಕೈಯಲ್ಲಿ ಮೈಕು

ಕೆಲವರಿಗೆ ಬೇಡವೆಂದರೂ ನೆಗಡಿ ಬರುತ್ತದೆ. ನನಗೆ ಹಾಗೆ ಫಜೀತಿಗಳು ಬರುತ್ತವೆ. ಸಮೂಹ ಸಂವಹನ ಓದಲು ಹೋದ ವರ್ಷವಂತೂ ಅವು ಶನಿವಾರ, ಭಾನುವಾರ ಕೂಡ ರಜೆ ತೆಗೆದುಕೊಳ್ಳಲಿಲ್ಲ.

ನಾನು ದಾವಣಗೆರೆಯವಳು, ಓದಿದ್ದು ಕೆಮಿಸ್ಟ್ರಿ. ಅಹಮದಾಬಾದಿನ ನರೋಡಾದಲ್ಲಿ ಬಟ್ಟೆಗೆ ಹಾಕುವ ಬಣ್ಣ ತಯಾರಿಸುವ ಫ್ಯಾಕ್ಟರಿಯ ಲ್ಯಾಬಿನಲ್ಲಿ ಕೆಲಸ. ಗ್ಲೌಸು ಹಾಕಿಕೊಂಡರೂ ಬಣ್ಣ ಹೇಗೋ ಒಳಗೆ ನುಗ್ಗುತ್ತದೆ. ಬೋಡಕ್‌ದೇವ್‌ನ ಫ್ಲ್ಯಾಟಿನಲ್ಲಿ ನನ್ನ ಜೊತೆಗಿದ್ದ ಹುಬ್ಬಳ್ಳಿಯ ಗೆಳತಿ ಸಂಜೆ ಬಾಗಿಲು ತೆಗೆದವಳೇ ನನ್ನ ಅಂಗೈ ನೋಡುತ್ತಿದ್ದಳು. "ಇವತ್ತ ಹಸಿರೇನು? ಚಪಾತಿ ನಾನ ಮಾಡ್ತೀನಿ ಬಿಡವಾ. ನಿನ್ನೆ ನೀಲಿ ಚಪಾತಿ ತಿಂದಿದ್ದ ಸಾಕು."

ಮನೆ ಊರಿನ ಈ ತುದಿಗೆ, ಫ್ಯಾಕ್ಟರಿ ಆ ತುದಿಗೆ. ಕಂಪನಿಯ ಹೆಡ್ ಆಫೀಸು ಮಾತ್ರ ನಮ್ಮ ಫ್ಲ್ಯಾಟಿನಿಂದ ನಡೆದು ಹೋಗುವಷ್ಟು ಹತ್ತಿರ. ಅಲ್ಲಿಯ ಪ್ರಚಾರ ವಿಭಾಗದಲ್ಲಿ ಒಂದು ಕುರ್ಚಿ ಖಾಲಿಯಾಯಿತು. ಮೇಲೆ ಎಸಿ, ಪಕ್ಕದಲ್ಲಿ ಕಿಟಕಿ, ಬಣ್ಣದ ಸುಳಿವೇ ಇಲ್ಲ. "ಸಮೂಹ ಸಂವಹನದ ಸರ್ಟಿಫಿಕೇಟ್ ತನ್ನಿ, ಕುರ್ಚಿ ನಿಮ್ಮದು" ಎಂದರು ಮ್ಯಾನೇಜರು. ಪದವಿ ಮುಗಿಸಿದವರಿಗಾಗಿ ವಾರದ ಕೊನೆಯಲ್ಲಿ ನಡೆಯುವ ಒಂದು ವರ್ಷದ ಕೋರ್ಸಿಗೆ ಅಂದೇ ಸೇರಿದೆ. ನನಗೆ ಪತ್ರಕರ್ತೆಯಾಗುವ ಹಂಬಲವೇನೂ ಇರಲಿಲ್ಲ. ಕುರ್ಚಿ ಬೇಕಿತ್ತು, ಅಷ್ಟೇ.

ಎಮ್ಮೆ

ಮೊದಲ ವಾರವೇ ಸರ್ ಹೇಳಿದರು, "ಈ ವಾರ ಕಣ್ಣಾರೆ ಕಂಡ ಒಂದು ಘಟನೆಯನ್ನು ಸುದ್ದಿಯಾಗಿ ಬರೆದು ತನ್ನಿ."

ನನ್ನ ಅದೃಷ್ಟಕ್ಕೆ ಫ್ಯಾಕ್ಟರಿಯ ದಾರಿಯಲ್ಲಿ ಒಂದು ಎಮ್ಮೆ ಸೀರೆ ಅಂಗಡಿಗೆ ನುಗ್ಗಿತ್ತು. ಗಾಜು ಒಡೆದು, ಬೊಂಬೆ ಬೀಳಿಸಿ, ಮದುವೆ ಸೀರೆಯೊಂದನ್ನು ಕೊಂಬಿಗೆ ಸಿಕ್ಕಿಸಿಕೊಂಡು ರಸ್ತೆಗಿಳಿದು ಟ್ರಾಫಿಕ್ ನಿಲ್ಲಿಸಿತ್ತು. ಪತ್ರಕರ್ತರು ಹರಕೆ ಹೊತ್ತರೂ ಸಿಗದಂಥ ಸುದ್ದಿ. ಆದರೆ ಅಷ್ಟು ವರ್ಷ ಲ್ಯಾಬ್ ವರದಿ ಬರೆದ ಕೈ ಬೇರೇನನ್ನೂ ಬರೆಯಲು ಒಪ್ಪಲಿಲ್ಲ. ಸರ್ ಅದನ್ನು ಕ್ಲಾಸಿನ ಮುಂದೆ ಗಟ್ಟಿಯಾಗಿ ಓದಿದರು.

"ವಸ್ತು: ಎಮ್ಮೆ. ಬಣ್ಣ: ಕಪ್ಪು. ವಾಸನೆ: ಸಹಜ. ಸ್ಥಿತಿ: ಚಲನೆಯಲ್ಲಿತ್ತು." ಸರ್ ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡರು. "ಅಂಗಡಿ, ಗಾಜು, ಸೀರೆ ಎಲ್ಲ ಎಲ್ಲಮ್ಮಾ?"

"ಕೆಳಗಿದೆ ಸರ್. ಫಲಿತಾಂಶ ಕೊನೆಗೇ ಬರೋದು."

ಸರ್ ಕೊನೆಗೆ ಹೋದರು. ಅಲ್ಲಿ ಎಲ್ಲ ಇತ್ತು. ಅದರ ಕೆಳಗೆ, ನಾನು ಯೋಚಿಸದೆಯೇ ಅಭ್ಯಾಸಬಲದಿಂದ ಬರೆದ ಸಾಲೂ ಇತ್ತು: "ಈ ವರದಿಯು ಪರೀಕ್ಷಿಸಿದ ಎಮ್ಮೆಗೆ ಮಾತ್ರ ಅನ್ವಯಿಸುತ್ತದೆ."

ಜನಾಭಿಪ್ರಾಯ

ಇನ್ನೊಮ್ಮೆ, ಒಂದೇ ಪ್ರಶ್ನೆಗೆ ಐದು ಜನರ ಬೇರೆ ಬೇರೆ ಅಭಿಪ್ರಾಯ ರೆಕಾರ್ಡ್ ಮಾಡಿ ತರಬೇಕಿತ್ತು. ದೂರ ಯಾಕೆ ಹೋಗಲಿ ಎಂದು ನಮ್ಮ ಅಪಾರ್ಟ್‌ಮೆಂಟಿನ ಕೆಳಗೆ ಬೆಂಚಿನ ಮೇಲೆ ಕೂತಿದ್ದ ಹಿರಿಯರೊಬ್ಬರ ಮುಂದೆ ಮೈಕು ಹಿಡಿದೆ. "ಕಾಕಾ, ಮಕ್ಕಳು ಪೇಪರ್ ಓದಬೇಕೇ, ಟಿವಿ ಸುದ್ದಿ ಸಾಕೇ?"

"ನಾನೊಬ್ಬನೇ ಹೇಗೆ ಹೇಳಲಿ ಬೆನ್?" ಎಂದು ಗುಜರಾತಿಯಲ್ಲಿ ನನ್ನನ್ನು ತಂಗಿ ಮಾಡಿಕೊಂಡವರು ಅಪಾರ್ಟ್‌ಮೆಂಟ್ ಸೊಸೈಟಿಯ ಸೆಕ್ರೆಟರಿಗೆ ಫೋನು ಮಾಡಿದರು. ಸೆಕ್ರೆಟರಿ ಛೇರ್ಮನ್ನರಿಗೆ ಮಾಡಿದರು. ಸ್ವಲ್ಪ ಹೊತ್ತಿಗೆ ಪ್ಲಾಸ್ಟಿಕ್ ಕುರ್ಚಿಗಳು ಬಂದವು, ಚಹಾ ಬಂತು, ಖಾಖ್ರಾ ಬಂತು, ಸಭೆ ಶುರುವಾಯಿತು. ಪೇಪರಿನಿಂದ ಹೊರಟ ಮಾತು ನೀರಿನ ಟ್ಯಾಂಕಿಗೆ ಹೋಗಿ, ಲಿಫ್ಟಿನಲ್ಲಿ ಸಿಕ್ಕಿಹಾಕಿಕೊಂಡು, ಕತ್ತಲಾಗುವ ಹೊತ್ತಿಗೆ ಮತ್ತೆ ಪೇಪರಿಗೆ ಬಂತು. ಕೊನೆಗೆ ಛೇರ್ಮನ್ನರು ಎದ್ದು ನಿಂತು ಮೈಕಿಗೆ ಹೇಳಿದರು, "ಪೇಪರ್ ಓದಬೇಕು. ಸರ್ವಾನುಮತ."

"ಕಾಕಾ, ನನಗೆ ಐದು ಅಭಿಪ್ರಾಯ ಬೇಕಿತ್ತು. ಯಾರಾದರೂ ಬೇಡ ಅನ್ನಬೇಕು."

"ನಮ್ಮ ಸೊಸೈಟಿಯಲ್ಲಿ ಜಗಳ ಇಲ್ಲ ಬೆನ್."

"ಹಾಗಾದರೆ ನಾನೇ ಬೇಡ ಅಂತೀನಿ."

ಸೆಕ್ರೆಟರಿ ಬಹಳ ಮೃದುವಾಗಿ ಹೇಳಿದರು, "ನೀವು ಬಾಡಿಗೆಯವರು. ನಿಮಗೆ ವೋಟಿಲ್ಲ."

ನಮ್ಮಿಬ್ಬರ ಸುರಕ್ಷಿತ ಭಾಷೆ

ಪರವೂರಿನಲ್ಲಿ ಕನ್ನಡ ಮಾತಾಡುವುದರಲ್ಲಿ ಒಂದು ಸುಖವಿದೆ. ಯಾರ ಎದುರಿಗೆ ಯಾರ ಬಗ್ಗೆ ಏನು ಬೇಕಾದರೂ ಹೇಳಬಹುದು. ನಾನು ಮತ್ತು ಗೆಳತಿ ಈ ಸುಖವನ್ನು ಲಿಫ್ಟಿನಲ್ಲಿ, ಬಸ್ಸಿನಲ್ಲಿ, ಸಾಲಲ್ಲಿ ನಿಂತಾಗ ಧಾರಾಳವಾಗಿ ಅನುಭವಿಸುತ್ತಿದ್ದೆವು. ಒಂದು ಬೆಳಿಗ್ಗೆ ಲಿಫ್ಟಿನಲ್ಲಿ ಮೇಲಿನ ಮನೆಯ ಯಜಮಾನರು ದೊಡ್ಡ ದೊಡ್ಡ ಹೂವಿನ ಕುರ್ತಾ ಹಾಕಿಕೊಂಡು ನಿಂತಿದ್ದರು. ಗೆಳತಿ ಅವರ ಎದುರಿಗೇ ನಗುನಗುತ್ತ, "ಪಾಪ, ಇವ್ರ ಮನಿ ಕಿಟಕಿಗೆ ಈಗ ಪರದೇನ ಇಲ್ಲ ನೋಡವಾ" ಎಂದಳು. ನಾನೂ ನಕ್ಕೆ. ಅವರೂ ನಕ್ಕರು.

ಮರುದಿನ ಅದೇ ಲಿಫ್ಟಿನಲ್ಲಿ ಅವರ ಹೆಂಡತಿಯೂ ಇದ್ದರು. ಯಜಮಾನರು ಹೆಂಡತಿಗೆ ನಮ್ಮನ್ನು ತೋರಿಸಿ ಹೆಮ್ಮೆಯಿಂದ ಹೇಳಿದರು, "ಹೇಳಿದೆನಲ್ಲ, ಇವರೇ. ಎಷ್ಟು ಸಿಹಿಯಾದ ಭಾಷೆ! ಬೆನ್, ನಿನ್ನೆ ನನಗೆ ಹೇಳಿದಿರಲ್ಲ, ಅದನ್ನು ಇವಳಿಗೂ ಒಮ್ಮೆ ಹೇಳಿ."

ಕಾಪಿಟ್ಟ ಸ್ಯಾಂಪಲ್ಲು

ಸರ್ಟಿಫಿಕೇಟಿಗೆ ಕೊನೆಯ ಬಾಗಿಲು ಒಂದು ಪ್ರಾಜೆಕ್ಟು. ಯಾರದಾದರೂ ಜೀವನದ ಕಥೆಯನ್ನು ಅವರ ಬಾಯಿಂದಲೇ ಹೇಳಿಸಿ, ಧ್ವನಿ ರೂಪದಲ್ಲಿ ಕೊಡಬೇಕು. ಭಾಷೆ ಯಾವುದೂ ಆಗಬಹುದು. ಅದರಲ್ಲಿ ಫೇಲಾದರೆ ಮತ್ತೆ ಒಂದು ವರ್ಷ. ಕುರ್ಚಿ ಅಷ್ಟು ದಿನ ಕಾಯುವುದಿಲ್ಲ.

ವಡೋದರಾದಲ್ಲಿ ಉಡುಪಿ ಕಡೆಯ ದಂಪತಿಗಳ ಹೋಟೆಲಿದೆ. ಆ ಹೋಟೆಲಿನ ಅಣ್ಣ ಬಾಯಿ ಬಿಟ್ಟರೆ ಕಥೆ. ಕ್ಲಾಸಿಲ್ಲದ ಒಂದು ಭಾನುವಾರ ರೈಲು ಹತ್ತಿ ಹೋದೆ. ಮೈಕು ಆನ್ ಮಾಡುವವರೆಗೆ ಅಣ್ಣ ಚೆನ್ನಾಗಿಯೇ ಇದ್ದರು. ಆನ್ ಮಾಡಿದ್ದೇ ತಡ, ಬೆನ್ನು ನೆಟ್ಟಗಾಯಿತು, ಗಂಟಲು ಸರಿಯಾಯಿತು. "ಪ್ರಿಯ ಶ್ರೋತೃಗಳಿಗೆ ನಮಸ್ಕಾರಗಳು. ಉಪಾಹಾರ ಗೃಹವೆಂಬುದು ಒಂದು ಪವಿತ್ರವಾದ ಸೇವೆಯಾಗಿರುತ್ತದೆ."

ಒಳಗಿನಿಂದ ಅಕ್ಕ ಕೂಗಿದರು, "ಎಂತ ಮಾರಾಯ್ರೇ, ಯಾರು ಸತ್ತದ್ದು?"

ನನಗೆ ಅಳು ಬಂತು. "ಊಟ ಮಾಡಿ, ಆಮೇಲೆ ನೋಡುವ" ಎಂದರು ಅಕ್ಕ. ಲ್ಯಾಬಿನಲ್ಲಿ ನಾವು ಯಾವ ಸ್ಯಾಂಪಲ್ ತೆಗೆದರೂ ಇನ್ನೊಂದನ್ನು ಕಾಪಿಡುತ್ತೇವೆ. ಅದೇ ಅಭ್ಯಾಸದಲ್ಲಿ, ಇನ್ನೊಂದು ರೆಕಾರ್ಡಿಂಗ್ ಇರಲಿ ಎಂದು ಅವರ ಒಪ್ಪಿಗೆ ಕೇಳಿ ಮೈಕನ್ನು ಸಾರಿನ ಪಾತ್ರೆಯ ಪಕ್ಕ ಇಟ್ಟೆ. ಊಟದಲ್ಲಿ ಅಣ್ಣ ಮೈಕನ್ನು ಮರೆತರು. ಮೊದಲ ದಿನ ದೋಸೆ ಸೀದದ್ದು ಯಾರಿಂದ ಎಂದು ಗಂಡಹೆಂಡಿರ ನಡುವೆ ಜಗಳವೇ ಆಯಿತು. ಕೇಳಿದರೆ ನಗು ಬರಬೇಕು, ಕಣ್ಣೂ ಒದ್ದೆಯಾಗಬೇಕು, ಅಂಥ ಜಗಳ. ನನ್ನ ಪ್ರಾಜೆಕ್ಟು ಸಿಕ್ಕಿತು.

ಆ ಶುಕ್ರವಾರ ಫ್ಯಾಕ್ಟರಿಯಿಂದ ಬಂದು ಬೇಡದ ಮಾತುಗಳನ್ನು ಕತ್ತರಿಸಿ ಒಂದು ಪೆನ್‌ಡ್ರೈವಿಗೆ ಹಾಕಿದೆ. ಕತ್ತರಿಸದ ಮೂಲವನ್ನು ಇನ್ನೊಂದಕ್ಕೆ ಹಾಕಿ ಕಾಪಿಟ್ಟೆ. ಎರಡಕ್ಕೂ ಚೀಟಿ ಅಂಟಿಸಿದೆ. ಆದರೆ ಅಂದು ನನ್ನ ಅಂಗೈ ನೇರಳೆ. ಬೆಳಿಗ್ಗೆ ನೋಡಿದರೆ ಎರಡು ಚೀಟಿಯೂ ಒಂದೇ ಸಮ ನೇರಳೆ, ಅಕ್ಷರ ಒಂದೂ ಕಾಣದು. ಹಾಕಿ ಕೇಳಲು ಹೊತ್ತಿರಲಿಲ್ಲ, ಎಡಗಡೆಯದೇ ಇರಬೇಕು ಎಂದು ಕೊಟ್ಟು ಬಂದೆ.

ಅನುವಾದ

ಪರೀಕ್ಷೆಯ ದಿನ ಸೂರತ್‌ನಿಂದ ಪರೀಕ್ಷಕಿಯೊಬ್ಬರು ಬಂದಿದ್ದರು. ಗುಜರಾತಿ ಶೈಲಿಯಲ್ಲಿ ಸೆರಗು ಮುಂದೆ ಹಾಕಿಕೊಂಡು, ಸರ್ ಜೊತೆ ನಿರರ್ಗಳ ಗುಜರಾತಿ. ಸರ್ ಪೆನ್‌ಡ್ರೈವ್ ಹಾಕಿದರು. ದೋಸೆಯ ಜಗಳ ಬಂತು. ಸರ್‌ಗೆ ಕನ್ನಡ ಬಾರದು, ಆದರೂ ಇಬ್ಬರೂ ತಲೆದೂಗಿದರು. ನಾನು ಕುರ್ಚಿಯ ಬಣ್ಣ ಯಾವುದಿರಬಹುದೆಂದು ಯೋಚಿಸುತ್ತಿದ್ದೆ. ಆಗ ಸ್ಪೀಕರಿನಿಂದ ಅಕ್ಕನ ದನಿ ಬಂತು, "ನಿಮ್ಮ ಮಾಷ್ಟ್ರು ಹೇಗೆ?"

ಬಲಗಡೆಯದನ್ನು ಕೊಡಬೇಕಿತ್ತು.

ಸ್ಪೀಕರಿನೊಳಗಿನ ನಾನು ಖುಷಿಯಾಗಿ ಶುರುಮಾಡಿದೆ. "ಅಯ್ಯೋ ಅಕ್ಕಾ, ನಮ್ಮ ಸರ್ ಕಥೆ ಕೇಳ್ಬೇಡಿ. ಚುಟುಕಾಗಿ ಮಾತಾಡಬೇಕು ಅನ್ನೋದನ್ನ ಹೇಳೋಕೆ ಮುಕ್ಕಾಲು ಗಂಟೆ ಬೇಕು ಅವರಿಗೆ. ಮೈಕ್ ಕೊಟ್ಟರೆ ಕಿತ್ಕೊಳ್ಳೋಕೆ ಇಬ್ಬರು ಬೇಕು."

"ಎಷ್ಟು ಭಾವನೆ!" ಎಂದು ಸರ್ ರೆಕಾರ್ಡಿಂಗ್ ನಿಲ್ಲಿಸಿದರು. "ಈ ಭಾಗವನ್ನು ನಮಗೆ ಸಾಲು ಸಾಲಾಗಿ ಅನುವಾದ ಮಾಡಮ್ಮಾ. 'ಸರ್' ಅಂದೆಯಲ್ಲ, ಯಾರು?"

"ಹೋಟೆಲ್ ಮಾಲೀಕರು ಸರ್. ನಮ್ಮ ಕಡೆ ಗೌರವಕ್ಕೆ ಹಾಗೇ ಕರೆಯೋದು. ಅವರು ಕಡಿಮೆ ಮಾತಿನವರು, ಮನಸ್ಸು ದೊಡ್ಡದು ಅಂದೆ."

"ಮೈಕ್?"

"ಅವರ ದನಿ ಎಲ್ಲರಿಗೂ ಮುಟ್ಟಬೇಕು ಅಂದೆ."

ಸರ್ ಮತ್ತೆ ಒತ್ತಿದರು. ಈಗ ಅಣ್ಣನ ಸರದಿ. "ಹಾಗಾದ್ರೆ ನಿಮ್ಮ ಸರ್ ನಮ್ಮ ಗ್ರೈಂಡರ್ ಹಾಗೆ. ಅಕ್ಕಿ ಹಾಕಿದ್ರೂ ಶಬ್ದ, ಹಾಕದಿದ್ರೂ ಶಬ್ದ!" ಹಿಂದೆಯೇ ಮೂವರ ನಗು.

"ಗ್ರೈಂಡರ್?" ಎಂದರು ಸರ್.

"ಹೋಟೆಲ್ ಕಷ್ಟ ಸರ್. ಬೆಳಗಿನಿಂದ ಅದರ ಶಬ್ದ ಕೇಳಿ ಕೇಳಿ ನೊಂದಿದ್ದಾರೆ."

"ಆದರೂ ನಗುತ್ತಿದ್ದಾರೆ!" ಸರ್ ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು. "ನೋಡಿ ಮೇಡಂ, ಇದು ಶ್ರಮದ ಧ್ವನಿ." ಮುಂದೆ ಅವರು ಶ್ರಮದ ಬಗ್ಗೆ ಬಹಳ ಹೊತ್ತು ಮಾತಾಡಿದರು. ಪರೀಕ್ಷಕಿ ತಲೆ ತಗ್ಗಿಸಿ ಬರೆಯುತ್ತಲೇ ಇದ್ದರು. ಬಾಯಿಗೆ ಕರ್ಚೀಫು ಒತ್ತಿಕೊಂಡಿದ್ದರು. ಪಾಪ, ಶೀತವಿರಬೇಕು ಎಂದುಕೊಂಡೆ.

ಮಾತು ಮುಗಿಸಿ ಸರ್ ಚಹಾ ಹೇಳಲು ಹೊರಗೆ ಹೋದರು. ಬಾಗಿಲು ಮುಚ್ಚಿಕೊಂಡಿತು. ಪರೀಕ್ಷಕಿ ಕರ್ಚೀಫು ತೆಗೆದರು.

"ನನ್ನ ಅಪ್ಪಂದು ಸೂರತ್‌ನಲ್ಲಿ ಉಡುಪಿ ಹೋಟೆಲ್ ಇತ್ತು" ಎಂದರು, ಅಚ್ಚ ಕರಾವಳಿ ಕನ್ನಡದಲ್ಲಿ.

ಕುರ್ಚಿ, ಕಿಟಕಿ, ಎಸಿ ಎಲ್ಲ ಕಣ್ಣ ಮುಂದೆಯೇ ನರೋಡಾದ ಬಸ್ಸು ಹತ್ತಿ ಹೊರಟವು. "ಮೇಡಂ, ನಾನು ಫೇಲಾ?"

"ಫೇಲ್ ಎಂತಕ್ಕೆ? ಎಷ್ಟೋ ವರ್ಷದಿಂದ ನಿಮ್ಮ ಸರ್ ಜೊತೆ ಮೀಟಿಂಗಲ್ಲಿ ಕೂತ್ಕೊಳ್ತೇನೆ. ನನಗೆ ಹೇಳ್ಲಿಕ್ಕೆ ಆಗದ್ದನ್ನೆಲ್ಲ ನೀವು ಹೇಳಿದ್ರಿ. ಪಾಸ್ ಮಾಡಿದ್ದೇನೆ." ಅವರು ಪೆನ್ನಿನ ಮುಚ್ಚಳ ಹಾಕಿದರು. "ಅನುವಾದಕ್ಕೆ ಮಾತ್ರ ಸೊನ್ನೆ. ಒಂದು ಸಾಲೂ ಮೂಲದಲ್ಲಿ ಇಲ್ಲ ಮಾರಾಯ್ತಿ!"