ಕಣದಾಗ ಮಾತಾಡಬಾರದು

ಇಷ್ಟಕ್ಕೆಲ್ಲ ಕಾರಣ ದೊರೆಯವರು ತಮ್ಮ ದೇಶಕ್ಕೆ ಹೋದದ್ದು. ನಮಗೆ ಸ್ವಾತಂತ್ರ್ಯ ಬಂತು, ಮಿಶನ್ ಬಂಗಲೆಯ ಬಿಳಿಯ ದೊರೆಯವರು ಪೆಟ್ಟಿಗೆ ಕಟ್ಟಿ ಹಡಗು ಹತ್ತಿದರು, ಅವರ ಬೆನ್ನ ಹಿಂದೆಯೇ, ಹಳ್ಳಿಹಳ್ಳಿ ತಿರುಗಿ ಯೇಸುವಿನ ಮಾತು ಸಾರುವ ಸುವಾರ್ತಿಕರ ಸಂಬಳವೂ ಹಡಗು ಹತ್ತಿತು. ಅದಕ್ಕೆ ಪಾಪ, ತಿಕೀಟು ಸಹ ಬೇಕಾಗಲಿಲ್ಲ.

ಬೆಟಗೇರಿಯಲ್ಲಿ ಉಳಿದದ್ದು ಸಭೆಯ ಹಿರಿಯರಾದ ಸಮುವೇಲಪ್ಪನವರು ಮತ್ತು ಅವರ ಠರಾವು. ಒಂದು ಆದಿತ್ಯವಾರ ಪ್ರಾರ್ಥನೆ ಮುಗಿದ ಮೇಲೆ ಅವರು ಎದ್ದು ನಿಂತು ಹೇಳಿದರು: "ಶಿರಹಟ್ಟಿ ಕಡೀ ಹಳ್ಳಿಗೋಳಿಗೆ ಒಬ್ಬ ಸುವಾರ್ತಿಕ ಬೇಕಾಗ್ಯಾನ. ಪಗಾರ ಇಲ್ಲ. ತನ್ನ ಹೊಟ್ಟಿಗೆ ತಾನ ಕಾಳು ಕೂಡಿಸ್ಕೊಳ್ಳಾಂವ ಮುಂದ ಬರ್ಲಿ. ಬರೂ ಶನಿವಾರ ಹೊತ್ತು ಮುಣಗೂದ್ರಾಗ ಚರ್ಚಿನ ಅಂಗಳಕ್ಕ ವರ್ಷದ ಜ್ವಾಳ ಬರಬೇಕು. ಆಮ್ಯಾಲೆ ಎಲ್ಲಾ ನೋಡಿ ನಾವು ತೀರ್ಮಾನಾ ಮಾಡ್ತೀವಿ."

ಮುಂದೆ ಬಂದವರು ಇಬ್ಬರು. ಒಬ್ಬ ಪುಂಡಲೀಕಪ್ಪ. ಇವನು ಮಾತಿಗೆ ನಿಂತರೆ ಎದುರಿದ್ದವರು ಕುಂಡ್ರಲಿಕ್ಕೆ ಜಾಗ ಹುಡುಕುತ್ತಿದ್ದರು. ಇನ್ನೊಬ್ಬ ನಮ್ಮ ನೇಕಾರ ದೇವಪ್ಪ.

ದೇವಪ್ಪ ಮಗ್ಗದಲ್ಲಿ ಸೀರೆಗಿಂತ ಹೆಚ್ಚು ಚರ್ಚಿನ ಪ್ರಸಂಗಗಳನ್ನು ನೇಯ್ದ ಮನುಷ್ಯ. ಲಾಳಿ ಆ ಕಡೆ ಹೋದರೆ ಒಂದು ವಾಕ್ಯ, ಈ ಕಡೆ ಬಂದರೆ ಇನ್ನೊಂದು. ಕೇಳುವವರು ಮಾತ್ರ ಇರಲಿಲ್ಲ. ಜೀವನದಲ್ಲಿ ಒಮ್ಮೆಯಾದರೂ, ಹೆಂಡತಿಯೂ ಅಲ್ಲದ ಮಗ್ಗವೂ ಅಲ್ಲದ ನಾಲ್ಕು ಮಂದಿಯ ಮುಂದೆ ನಿಂತು ದೇವರ ಮಾತನ್ನು ಮೊದಲಿನಿಂದ ಕಡೆಯತನಕ ಹೇಳಬೇಕು. ಅದೊಂದೇ ಅವನ ಆಸೆ, ಅದೊಂದೇ ಅವನ ಹಟ.

ಶನಿವಾರ ಬೆಳಗಾಗುತ್ತಲೂ ಅವನು ಚೀಲ ಝಾಡಿಸಿದ. ಹೆಂಡತಿ ಅಮೃತವ್ವ ಬಾಗಿಲಿಗೆ ಅಡ್ಡ ನಿಂತಳು.

"ದುಡದು ತಿನ್ನೂ ಮಂದಿ ನಾವು. ನೀವು ಚೀಲಾ ಹಿಡಕೊಂಡು ತಿರಗಿದ್ರ ನಾ ಓಣ್ಯಾಗ ಹೆಂಗ ತಲಿ ಎತ್ತಲಿ?"

"ಕೆಲಸಾ ದೇವರದು, ಚೀಲಾನೂ ದೇವರದ!"

"ಚೀಲಾ ನಮ್ಮವ್ವ ಕೊಟ್ಟದ್ದು. ಹರಕೊಂಡು ಬರ್ರಿ, ನೋಡ್ಕೋತೀನಿ."

ಇಷ್ಟರಲ್ಲಿ ಪಕ್ಕದ ಮನೆಯ ಅಲ್ಮಾಸಬಿ ಗೋಡೆಯ ಮೇಲಿಂದ ತಲೆ ಹಾಕಿದಳು. ಆ ಗೋಡೆ ಕಟ್ಟಿದ್ದೇ ಆಕೆಗೆ ಗದ್ದ ಊರಲಿಕ್ಕೆ ಎಂದು ಓಣಿಯ ಮಂದಿ ಆಡಿಕೊಳ್ಳುತ್ತಿದ್ದರು.

"ದೇವಪ್ಪಣ್ಣಾ, ಓಣ್ಯಾಗ ಕೇಳಿದ್ರ ಬುದ್ಧಿ ಕೊಡ್ತಾರ, ಕಾಳು ಕೊಡಾಂಗಿಲ್ಲ. ಈಗ ಸುಗ್ಗಿ ಐತಿ, ಹಳ್ಳಿ ಕಣಕ್ಕ ಹೋಗು. ಕಣಕ್ಕ ಬಂದಾವನ್ನ ಯಾರೂ ಬರಿಗೈಲೆ ಕಳಸೂದಿಲ್ಲ."

ಈ ಮಾತು ದೇವಪ್ಪನಿಗೆ ಹಿಡಿಸಿತು. ಗಾಡಿ ಕೇಳಲು ಗೆಳೆಯ ಮೈಲಾರಪ್ಪನ ಹತ್ತಿರ ಓಡಿದ. ಮೈಲಾರಪ್ಪ ತನ್ನ ಒಂಟೆತ್ತಿನ ಗಾಡಿ ಕೊಟ್ಟ, ಮೇಲೆ ಖಾಲಿ ಚೀಲಗಳನ್ನೂ ಕೊಟ್ಟ, ಕೂಡ ತಾನೂ ಹತ್ತಿ ಕೂತ. "ಎಳಿ ಹಿಡಿಯೂ ಕೈಯಾಗ ನನ್ನ ಎತ್ತು ಕೊಡಾಂಗಿಲ್ಲ ನಾ," ಎಂದ.

ನಾಗಾವಿಯ ಮೊದಲ ಕಣ ಕರೆವ್ವನದು. ನೆರೆದ ಆಳುಮಂದಿಯನ್ನು ನೋಡಿ ದೇವಪ್ಪನ ಎದೆ ಹಿಗ್ಗಿತು. ಮೊದಲು ಪ್ರಸಂಗ, ಆಮೇಲೆ ಚೀಲ ಎಂದುಕೊಂಡು ಸರಸರ ಒಳಗೆ ನಡೆದ.

"ಚಪ್ಪಲಿ!" ಎಂದು ಸನ್ನೆಯಲ್ಲೇ ಎಲ್ಲರೂ ಕಣ್ಣು ಕೆಕ್ಕರಿಸಿದರು. ಗಾಬರಿಯಲ್ಲಿ ಕಾಲಿಂದ ಝಾಡಿಸಿದ ಒಂದು ಚಪ್ಪಲಿ ಹೋಗಿ ಮೈಲಾರಪ್ಪನ ಎತ್ತಿನ ಮೂಗಿಗೆ ಬಡಿಯಿತು. ಎತ್ತು ಮುಖ ತಿರುಗಿಸಿ ಕಣದಂಚಿನ ತೆನೆಗೆ ಬಾಯಿ ಹಾಕಿತು.

ದೇವಪ್ಪ ಗಂಟಲು ಸರಿಮಾಡಿಕೊಂಡ. "ಅಣ್ಣಗಳಿರಾ, ಅಕ್ಕಗಳಿರಾ, ನಾನು ನಿಮಗೊಂದು ಮಾತು..."

"ಶ್!"

ದೇವಪ್ಪ ಹುಟ್ಟಾ ನೇಕಾರ. ಅವನಿಗೆ ಕಣದ ಕಟ್ಟಳೆ ಏನು ಗೊತ್ತು? ರಾಶಿ ಅಳೆಯುವಾಗ ಯಾರೂ ತುಟಿ ಪಿಟಕ್ಕೆನ್ನಬಾರದು. ಮೊದಲ ಅಳತೆಗೆ 'ಒಂದು' ಅನ್ನುವುದಿಲ್ಲ, 'ಲಾಭ' ಅನ್ನುತ್ತಾರೆ, ಅಷ್ಟೇ ಮಾತು. ಅದರ ಮೇಲೆ ಒಂದು ಸೊಲ್ಲು ಎದ್ದರೂ ರಾಶಿಯ ಹುಲುಸು ಹೋಗುತ್ತದೆಂದು ಒಕ್ಕಲಿಗರ ಜೀವ ಹಾರುತ್ತದೆ. ಬಂದವನನ್ನು ಬೈದು ಓಡಿಸೋಣವೆಂದರೆ ಬೈಗುಳವೂ ಮಾತೇ. ಕರೆವ್ವ ಗಡಿಬಿಡಿಯಿಂದ ಒಂದು ಮೊರ ಜೋಳ ಅವನ ಚೀಲಕ್ಕೆ ಸುರಿದು ಹಾದಿಯ ಕಡೆ ಬೆರಳು ತೋರಿಸಿದಳು.

"ಅವ್ವಾ, ಕಾಳು ಆಮ್ಯಾಲೆ, ಮೊದಲ ನಾನು..."

ಇನ್ನೊಂದು ಮೊರ ಬಿತ್ತು. ಕರೆವ್ವ ಕೈ ಮುಗಿದು ಬಾಯಿ ಮುಚ್ಚಿಕೋ ಎಂದು ಸನ್ನೆ ಮಾಡಿದಳು.

ಗಾಡಿಯ ಹತ್ತಿರ ಬಂದಾಗ ಮೈಲಾರಪ್ಪ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದ. "ಲೇ ದೇವಪ್ಪಾ, ಬಾಯಿ ತೆರದ್ರ ಜ್ವಾಳ ಬೀಳತೈತಲ್ಲೋ! ಏನೂ ಹೇಳಬ್ಯಾಡ, ಬರೇ ತೆರಿ ಸಾಕು."

"ನಾ ತೆರಿಯಾಕ ಬಂದಿಲ್ಲ, ಹೇಳಾಕ ಬಂದೀನಿ!" ದೇವಪ್ಪನಿಗೆ ಖರೆಖರೆ ಸಿಟ್ಟು ಬಂದಿತ್ತು. "ಮುಂದಿನ ಕಣದಾಗ ಮುಗಸೇ ತೀರತೀನಿ, ನೋಡು."

ಮುಂದಿನ ಕಣದಲ್ಲಿ ಅವನ ಹಟ ಹೆಚ್ಚಿತು, ಒಕ್ಕಲಿಗರ ಭಯವೂ ಹೆಚ್ಚಿತು, ಚೀಲ ಎರಡಾದವು. ಅದರಾಚೆಯ ಕಣದಲ್ಲಿ ಅವನು ಓಡುತ್ತ ಹೋಗಿ ಒಂದೇ ಉಸಿರಿನಲ್ಲಿ ಹೇಳಿಬಿಡಬೇಕೆಂದು ನೋಡಿದ. ಅಲ್ಲಿ ಇಬ್ಬರು ಆಳುಗಳು ಅವನ ರಟ್ಟೆ ಹಿಡಿದು, ಚೀಲ ತುಂಬಿ, ಹೂವಿನಂತೆ ಎತ್ತಿ ತಂದು ಗಾಡಿಯಲ್ಲಿ ಕೂಡಿಸಿಹೋದರು.

ಮಧ್ಯಾಹ್ನಕ್ಕೆ ಹನಮಪ್ಪನೆಂಬ ಗಾಂಧಿಟೊಪ್ಪಿಗೆಯ ರೈತನ ಕಣಕ್ಕೆ ಬಂದರು. ಆಗಷ್ಟೇ ಒಂದು ರಾಶಿ ಅಳೆದು ಮುಗಿದಿತ್ತು, ಮಾತಿಗೆ ಅಡ್ಡಿ ಇರಲಿಲ್ಲ. ದೇವಪ್ಪ ಬಾಯಿ ತೆರೆಯುವ ಮೊದಲೇ ಹನಮಪ್ಪ ಅರ್ಧ ಚೀಲ ಜೋಳ ಎತ್ತಿಸಿ ಗಾಡಿಗೆ ಹಾಕಿಸಿದ.

"ಗೊತ್ತೈತಿ ತಗೋರಿ, ಏಕೀಕರಣದ ಚಳವಳಿಗೆ ಪಟ್ಟಿ ಎತ್ತಾಕ ಬಂದೀರಿ. ನಿನ್ನೀನ ಬರ್ತಾರಂತ ಖಬರ ಇತ್ತು. ಮುಂಬಯಿ ಸರಕಾರದ ಕೈಯಾಗಿಂದ ಬಿಡಸ್ರಿ ನಮ್ಮನ್ನ! ಕರ್ನಾಟಕ ಒಂದಾಗ್ಲಿ!"

ಸುಮ್ಮನೆ ಇದ್ದಿದ್ದರೆ ಆಗುತ್ತಿತ್ತು. ಆದರೆ ಸುವಾರ್ತಿಕನಾಗ ಹೊರಟವನು ಸುಳ್ಳಿನ ಜೋಳ ತಿನ್ನಬಹುದೇ? "ಇದು ಕರ್ನಾಟಕಕ್ಕಲ್ಲರಿ, ಯಜಮಾನ್ರ," ಎಂದ ದೇವಪ್ಪ ಸಣ್ಣ ದನಿಯಲ್ಲಿ. "ನನ್ನ ಹೊಟ್ಟಿಗೆ. ದೇವರ ಮಾತು ಹೇಳ್ಕೋತ ಊರೂರು ತಿರಗಾಂವ ನಾ."

ಹನಮಪ್ಪನ ಮುಖ ಇಳಿಯಿತು. ಚೀಲ ನೋಡಿದ, ದೇವಪ್ಪನನ್ನು ನೋಡಿದ. "ಕಣದಾಗ ಕೊಟ್ಟದ್ದು ಹೊಳ್ಳಿ ತಗೋಬಾರದು. ಒಯ್ರಿ. ಆದ್ರ ಕರ್ನಾಟಕ ಒಂದಾಗಲಿಲ್ಲಂದ್ರ ನೀವ ಜವಾಬ್ದಾರ್ರು, ತಿಳೀತೇನ್ರಿ?"

"ಆತ್ರಿ. ಈಗರೆ ಒಂದು ಮಾತು ಹೇಳಲೇನು?"

"ಹೇಳ್ರಿ."

ದೇವಪ್ಪನ ಕಣ್ಣಲ್ಲಿ ನೀರೇ ಬಂತು. ಮುಂಡಾಸು ಸರಿಮಾಡಿಕೊಂಡು, ಕಾಲು ಜೋಡಿಸಿ ನಿಂತು, "ಅಣ್ಣಗಳಿರಾ, ಅಕ್ಕಗಳಿರಾ..." ಎಂದ. ಆಚೆ ಬದಿಗೆ ಯಾರೋ "ಲಾಭ!" ಎಂದು ಎರಡನೆಯ ರಾಶಿಗೆ ಅಳತೆ ಹಾಕಿದರು. "ಶ್!" ಎಂದ ಹನಮಪ್ಪ, ಮತ್ತು ಇನ್ನೊಂದು ಮೊರ ಸುರಿದ.

ಹೊರಳಿ ಬರುವಾಗ ಗಾಡಿ ತುಂಬಿ ನೊಗ ಕಿರಗುಟ್ಟುತ್ತಿತ್ತು. ಗದಗಿನ ರೈಲು ಗೇಟಿನ ಹತ್ತಿರ ಅತ್ತೆ ಕೊಟ್ಟ ಚೀಲ ಪರ್ ಎಂದು ಹರಿಯಿತು. ದೇವಪ್ಪ ಹೆಗಲ ಮೇಲಿನ ಪಂಚೆ ಹಾಸಿ ಕಾಳು ಬಳಿದುಕೊಂಡ. ಅಷ್ಟರಲ್ಲಿ, ದಿನವಿಡೀ ಕಣಕಣದಲ್ಲಿ ಮೇಯ್ದ ಎತ್ತು ಹಾದಿಯಲ್ಲೇ ಮಲಗಿತು. ಹೊತ್ತು ಜಾರುತ್ತಿತ್ತು.

"ಇದು ನಾಳಿ ಮುಂಜಾನಿ ಏಳತೈತಿ," ಎಂದ ಮೈಲಾರಪ್ಪ.

"ನಾಳಿಗೆ ಅಲ್ಲಿ ಪುಂಡಲೀಕಪ್ಪ ಸುವಾರ್ತಿಕ ಆಗಿರ್ತಾನ. ಸರಿ ಆ ಕಡೆ!" ದೇವಪ್ಪ ಎತ್ತನ್ನು ಬಿಚ್ಚಿ, ಅದರ ಜಾಗದಲ್ಲಿ ತಾನೇ ನೊಗಕ್ಕೆ ಹೆಗಲು ಕೊಟ್ಟ. ಬೆಟಗೇರಿಯ ಮಂದಿ ಬಾಗಿಲಿಗೆ ಬಂದು ನಿಂತು ನೋಡಿದರು. ಕೆಲವರು ದೂಡಿದರು, ಹಲವರು ಹೇಗೆ ದೂಡಬೇಕೆಂದು ಹೇಳಿದರು. ಸೂರ್ಯ ಮುಳುಗುವ ಮುನ್ನ ಗಾಡಿ ಚರ್ಚಿನ ಅಂಗಳ ಮುಟ್ಟಿತು.

ಅಲ್ಲಿ ಸಮುವೇಲಪ್ಪನವರೂ ಉಳಿದ ಹಿರಿಯರೂ ಕೂತಿದ್ದರು. ಪಕ್ಕದಲ್ಲಿ ಪುಂಡಲೀಕಪ್ಪ, ಅವನ ಪಕ್ಕದಲ್ಲಿ ಖಾಲಿ ಚೀಲ. ದೇವಪ್ಪನಿಗೆ ಹೆಗಲು ನೋವೆಲ್ಲ ಮರೆತುಹೋಯಿತು. ಗೆದ್ದೆ ಎಂದುಕೊಂಡ.

"ಭಲೇ!" ಎಂದು ಸಮುವೇಲಪ್ಪನವರು ಎದ್ದೇ ಬಿಟ್ಟರು. "ಏನಂತ ಮಾತಾಡಿ ಇಷ್ಟು ತಂದೀಪಾ?"

ಏದುಸಿರಿನಲ್ಲಿ ದೇವಪ್ಪನ ಬಾಯಿಂದ ಸೊಲ್ಲು ಹೊರಡಲಿಲ್ಲ. ಮೈಲಾರಪ್ಪ ಸುಮ್ಮನಿರುವ ಪೈಕಿಯೇ? "ಮಾತೇನ್ರಿ ಎಪ್ಪಾ! ಮುಂಜಾನಿಂದ ಒಂದು ಮಾತೂ ಆಡಿಲ್ಲ ಇಂವ. ಹೋಗಿ ನಿಂತಾ, ಚೀಲಾ ತುಂಬಿತು."

ಹಿರಿಯರು ಮುಖ ಮುಖ ನೋಡಿಕೊಂಡರು. ಗುಜುಗುಜು ಮಾಡಿದರು. ಕಡೆಗೆ ಸಮುವೇಲಪ್ಪನವರು ಕೆಮ್ಮಿ ತೀರ್ಮಾನ ಹೇಳಿದರು:

"ದೇವರು ಒಬ್ಬೊಬ್ಬರಿಗೆ ಒಂದೊಂದು ಕೊಟ್ಟಿರ್ತಾನ. ಪುಂಡಲೀಕಪ್ಪ ಮುಂಜಾನಿಂದ ಬೆಟಗೇರಿ ತುಂಬ ಮಾತಾಡ್ಯಾನ, ಒಂದು ಕಾಳು ಹುಟ್ಟಿಲ್ಲ. ಅಂದ್ರೂ ಬಾಯಿ ದಣದಿಲ್ಲ. ನೀ ಬಾಯಿ ಬಿಚ್ಚದ ಗಾಡಿ ತುಂಬಿಸಿದಿ. ಅದಕ್ಕ, ಹಳ್ಳಿಗೆ ಹೋಗಿ ಅಂವ ಹೇಳ್ಲಿ. ಅವಗ ಬೇಕಾದ ಕಾಳು ನೀ ಕೂಡಸು."

ದೇವಪ್ಪ ನೊಗ ಬಿಟ್ಟು ಮುಂದೆ ಬಂದ. "ಹಿರೇರ! ನಾ ಹೇಳಬೇಕಂತನ ಕೂಡಿಸಿದ್ನಿರಿ!"

"ಹೇಳಾವ್ರು ಸಿಗ್ತಾರಪಾ, ಕೂಡಸಾವ್ರು ಸಿಗೂದಿಲ್ಲ," ಎಂದರು ಅವರು ಪ್ರೀತಿಯಿಂದ. ಆಗಲೇ ಪುಂಡಲೀಕಪ್ಪ ಗಾಡಿಯ ಹತ್ತಿರ ಹೋಗಿ ಕಾಳು ಮುಟ್ಟಿ ನೋಡುತ್ತಿದ್ದ. "ದೇವಪ್ಪಣ್ಣಾ, ಜ್ವಾಳ ನನಗ ಅಷ್ಟಾಗಿ ಒಗ್ಗೂದಿಲ್ಲ. ಮುಂದಿನ ಸಲ ಒಂದೀಟು ಗೋದಿನೂ ನೋಡು," ಎಂದ.

ಚೀಲಗಳು ಒಂದೊಂದಾಗಿ ಇಳಿದವು. ದೇವಪ್ಪ ಖಾಲಿ ಗಾಡಿ ಹಿಡಿದು ನಿಂತಿದ್ದ.

"ಎಲ್ಲಾ ಅವಗಾದ್ರ," ಎಂದ ಕಡೆಗೆ, "ನನ್ನ ಹೊಟ್ಟಿಗೆ ಏನ್ರಿ?"

ಸಮುವೇಲಪ್ಪನವರು ನಕ್ಕು ಅವನ ಬೆನ್ನು ತಟ್ಟಿದರು. "ಅದನ್ನೂ ನಿನಗ ನಾವು ಕಲಿಸಬೇಕೇನೋ ಹುಚ್ಚಪ್ಪಾ? ಸೋಮವಾರ ಯಳವತ್ತಿ ಕಡೀ ರಾಶಿ ಅದಾವಂತ. ಜಲ್ದಿ ಎದ್ದು ಹೋಗು."