ಮೇಲಿನ ಮನೆಯ ಗೆಳತಿಯನ್ನು ಒಂದೂವರೆ ವರ್ಷ ವಿದೇಶದಲ್ಲಿಟ್ಟ ನಿರ್ವಾಹಕರಿಗೆ

ಮಾನ್ಯರೇ,

'ಹೊರನಾಡ ಜಗಲಿ'ಯ ಸಂಸ್ಥಾಪಕರೂ ಏಕೈಕ ನಿರ್ವಾಹಕರೂ, ಪರದೇಶಗಳಲ್ಲಿ ಚದುರಿಹೋದ ಮುನ್ನೂರ ನಲವತ್ತು ಕನ್ನಡ ಬ್ಲಾಗಿಗರನ್ನು ಒಂದೇ ಜಾಲತಾಣದಲ್ಲಿ ಕೂರಿಸಿ ಯಾರು ಎಲ್ಲಿದ್ದಾರೆಂಬುದು ಯಾರಿಗೂ ತಿಳಿಯದಂತೆ ಕಾಪಾಡಿಕೊಂಡು ಬಂದಿರುವ ಮಹನೀಯರೂ ಆದ ತಾವು ಯಾವ ದಿಕ್ಕಿನಲ್ಲಿದ್ದೀರೆಂದು ಗೊತ್ತಿಲ್ಲದ ಕಾರಣ, ಸುರಕ್ಷತೆಗಾಗಿ ನಾಲ್ಕೂ ದಿಕ್ಕಿಗೆ ಒಂದೊಂದು ನಮಸ್ಕಾರ ಹಾಕಿ ಈ ದೂರನ್ನು ಆರಂಭಿಸುತ್ತಿದ್ದೇನೆ.

ನಾನು ತಮ್ಮ ಜಗಲಿಯಲ್ಲಿ 'ದಂತಕಥೆ' ಎಂಬ ಹೆಸರಿನಿಂದ ಬರೆಯುವವಳು. ಹಲ್ಲಿನ ಸೆಟ್ಟು ತಯಾರಿಸುವುದು ನನ್ನ ಕೆಲಸ. ಹಗಲೆಲ್ಲ ಅಪರಿಚಿತರ ಬಾಯಿಯ ಅಚ್ಚುಗಳ ಜೊತೆ ಕಳೆದು ಸಂಜೆ ಮನೆಗೆ ಬಂದರೆ, ಮಾತಾಡಲು ಒಂದಾದರೂ ನಿಜವಾದ ಬಾಯಿಲ್ಲದೆ ಎರಡು ವರ್ಷ ಕಳೆದಿದ್ದೆ. ಆಗ ತಮ್ಮ ಕೃಪೆಯಿಂದ ನನಗೆ 'ಸೂಜಿಮಲ್ಲಿಗೆ' ಸಿಕ್ಕಳು. ಮನೆಯಲ್ಲೇ ಕೂತು ಬಟ್ಟೆ ಸರಿಮಾಡಿಕೊಡುವ ಟೈಲರ್. ನನ್ನ ಮೊದಲ ಬರಹಕ್ಕೇ 'ಅಕ್ಕಾ, ನಿಮ್ಮ ಹಲ್ಲು ಓದಿ ಬಿದ್ದು ಬಿದ್ದು ನಕ್ಕೆ' ಎಂದು ಬರೆದವಳು. ಅಂದಿನಿಂದ ನಾವು ದಿನಕ್ಕೊಂದು ಬಾರಿಯಾದರೂ ಒಬ್ಬರ ಪುಟದ ಕೆಳಗೆ ಇನ್ನೊಬ್ಬರು ಹರಟದೆ ಮಲಗಿದವರಲ್ಲ.

ದೇಶ, ಊರು, ಬೀದಿಗಳ ಹೆಸರನ್ನು ಯಾರೂ ಬರೆಯತಕ್ಕದ್ದಲ್ಲ ಎಂಬ ತಮ್ಮ ಮೊದಲನೆಯ ನಿಯಮವನ್ನು ನಾವಿಬ್ಬರೂ ಕಣ್ಣಿಗೊತ್ತಿಕೊಂಡು ಪಾಲಿಸಿದೆವು. ಯಾರ ದೇಶ ಮೇಲು ಎಂಬ ಜಗಳದಲ್ಲಿ ಜಗಲಿ ಒಮ್ಮೆ ಮುರಿದುಬೀಳುವಂತಾಗಿತ್ತಂತೆ, ನಿಯಮ ನ್ಯಾಯವೇ. ಹೀಗಾಗಿ ಅವಳನ್ನು ನಾನು ಸದಾ ಹಿಮ ಬೀಳುವ ಒಂದು ದೇಶದಲ್ಲಿ ಕೂರಿಸಿಕೊಂಡಿದ್ದೆ, ಅವಳು ನನ್ನನ್ನು ಒಂದು ಸಮುದ್ರದ ದಡದಲ್ಲಿ ನಿಲ್ಲಿಸಿಕೊಂಡಿದ್ದಳು. ನಮ್ಮ ಬೀದಿಯಲ್ಲಿ ಎರಡೂ ಇಲ್ಲ.

'ನಮ್ಮ' ಎಂದೆ. ಹೌದು, ಮಾನ್ಯರೇ. ನಾನು ಎರಡನೆಯ ಮಹಡಿ, ಅವಳು ಮೂರನೆಯದು. ನನ್ನ ಚಾವಣಿಯೇ ಅವಳ ನೆಲ.

ಒಂದೂವರೆ ವರ್ಷ ಒಂದೇ ಮೆಟ್ಟಿಲು ತುಳಿದೂ ಮುಖ ನೋಡದಿರುವುದು ಹೇಗೆಂದು ತಾವು ಕೇಳಬಹುದು. 'ಪರದೇಶದಲ್ಲಿ ನೆರೆಹೊರೆ' ಎಂಬ ತಮ್ಮ ಅಮೂಲ್ಯ ಲೇಖನದಲ್ಲಿ, ಮೆಟ್ಟಿಲ ಮೇಲೆ ಹೆಜ್ಜೆ ಸದ್ದಾದರೆ ಅದು ಕರಗುವವರೆಗೆ ಬಾಗಿಲ ಹಿಂದೆ ಕಾಯುವುದೇ ಸಭ್ಯತೆ ಎಂದು ತಾವೇ ಬರೆದಿರಿ. ನಾನು ಕಾದೆ. ಅವಳೂ ಕಾದಳು. ಇಬ್ಬರೂ ಏಕಕಾಲಕ್ಕೆ ಕಾದು, ನಾನು ಕೆಲಸಕ್ಕೂ ಅವಳು ಹೊಲಿದ ಬಟ್ಟೆ ತಲುಪಿಸಲಿಕ್ಕೂ ತಡವಾಗಿ, ಆ ಸಂಜೆ ಇಬ್ಬರೂ 'ಇಲ್ಲಿಯ ಜನ ಮೆಟ್ಟಿಲ ಮೇಲೆ ಎಷ್ಟು ನಿಧಾನ' ಎಂದು ಬರೆದದ್ದನ್ನು ತಾವು ಮೊದಲ ಪುಟದಲ್ಲಿ ಅಕ್ಕಪಕ್ಕ ಪ್ರಕಟಿಸಿ ಬೆನ್ನು ತಟ್ಟಿದಿರಿ.

ವಿದೇಶದ ಬದುಕನ್ನು ಬರೆಯುವವರ ಪಾಡು ತಮಗೆ ತಿಳಿಯದ್ದಲ್ಲ. ಬಸ್ಸು ಬಂತು, ಹತ್ತಿದೆ, ಇಳಿದೆ ಎಂದರೆ ನಾಯಿಯೂ ಓದುವುದಿಲ್ಲ. ವಾರಕ್ಕೊಂದಾದರೂ ವಿಚಿತ್ರ ಬೇಕು. ಸಂಜೆ ಆರಾದರೆ ನನ್ನ ತಲೆಯ ಮೇಲೆ ಗಡಗಡ ಸದ್ದಾಗುತ್ತಿದ್ದುದನ್ನು ನಾನು 'ಊಟಕ್ಕೆ ಮುಂಚೆ ಬೀರು ಸರಿಸುವ ಜನ' ಎಂದು ಮೂರು ಕಂತು ಬರೆದೆ. ದಪ್ಪ ಪರದೆ ಹೊಲಿಯುವ ಹೊಸ ಯಂತ್ರ ತಂದಿದ್ದ ಸೂಜಿಮಲ್ಲಿಗೆ, ಅದೇ ವಾರ ತನ್ನ ಬ್ಲಾಗಿನಲ್ಲಿ 'ಸದ್ದೇ ಇಲ್ಲ ಕಣ್ರೀ, ಬೆಕ್ಕು ನಡೆದ ಹಾಗೆ' ಎಂದು ಅದನ್ನು ಮುದ್ದಾಡಿ, ನನ್ನ ಬೀರಿನ ಸಂಕಟಕ್ಕೆ ಕರಗಿ, 'ಸುಮ್ನೆ ಯಾಕೆ ಸಹಿಸ್ಕೋತೀರಿ ಅಕ್ಕಾ, ಪೊರಕೆ ತಗೊಂಡು ಚಾವಣಿಗೆ ನಾಲ್ಕು ಕುಟ್ಟಿ' ಎಂದು ಸಲಹೆ ಕೊಟ್ಟಳು. ಕುಟ್ಟಿದೆ. ಮರುದಿನ ಅವಳ ಬ್ಲಾಗಿನಲ್ಲಿ ಹೊಸ ಸುದ್ದಿ: 'ಕೆಳಗಿನ ಮನೆಯವರು ನನ್ನ ನೆಲಕ್ಕೆ ಕುಟ್ಟಿದರು. ಈ ದೇಶದಲ್ಲಿ ಇದಕ್ಕೇನರ್ಥ?' ಅನುಭವಸ್ಥೆಯಾದ ನಾನು, 'ನಮಸ್ಕಾರ ಇರಬೇಕು ಕಣೇ, ನೀನೂ ಕಾಲಲ್ಲಿ ಎರಡು ಕುಟ್ಟು, ಮರ್ಯಾದೆಗೆ' ಎಂದು ಉತ್ತರಿಸಿದೆ. ಆ ಸಂಜೆಯೇ ಮೇಲಿನಿಂದ ಧಡ್ ಧಡ್ ಎಂದಾಗ, ಎಂಥ ನಾಚಿಕೆಗೆಟ್ಟವರಪ್ಪ ಎಂದು ಅವಳಲ್ಲೇ ಹೋಗಿ ಗೋಳಾಡಿದೆ.

ಇಲ್ಲಿ ತಮ್ಮ ವಿದ್ವತ್ತನ್ನು ಹೊಗಳದಿದ್ದರೆ ನನ್ನ ಬಾಯಿಗೆ ನಾನೇ ಮಾಡಿದ ಹಲ್ಲು ಬೀಳಲಿ. ನಮ್ಮಿಬ್ಬರ ಕುಟ್ಟಾಟವನ್ನು ಓದಿ ತಾವು 'ಎರಡು ದೂರದೇಶಗಳಲ್ಲಿ ಕುಟ್ಟುವ ಸಂಪ್ರದಾಯ: ಒಂದು ತೌಲನಿಕ ನೋಟ' ಎಂಬ ದೀರ್ಘ ಪ್ರಬಂಧ ಬರೆದಿರಿ. ಒಂದು ದೇಶದವರು ಕೆಳಗಿನಿಂದ ಕುಟ್ಟುವುದರಿಂದ ವಿನಯಶೀಲರೆಂದೂ, ಇನ್ನೊಂದು ದೇಶದವರು ಮೇಲಿನಿಂದ ತುಳಿಯುವುದರಿಂದ ದರ್ಪಿಷ್ಠರೆಂದೂ ಸಾಧಿಸಿದಿರಿ. ಎರಡು ದೇಶಗಳ ನಡುವೆ ಒಂಬತ್ತು ಇಂಚು ಕಾಂಕ್ರೀಟು ಮಾತ್ರ ಇತ್ತು, ಮಾನ್ಯರೇ.

ಆಮೇಲೆ ನನ್ನ ಕುಕ್ಕರಿನ ಸರದಿ. ದಿನವೂ ಏಳು ಗಂಟೆಗೆ ಅದು ಮೂರು ಸಲ ಕೂಗುವುದನ್ನು ಕೇಳಿ, ಕೆಳಗಿರುವವನು ಫುಟ್‌ಬಾಲ್ ರೆಫರಿ, ಮನೆಯಲ್ಲೇ ಸಿಳ್ಳೆ ಅಭ್ಯಾಸ ಮಾಡುತ್ತಾನೆ ಎಂದು ಅವಳು ತೀರ್ಮಾನಿಸಿದಳು. ಅವಳೂ ಕುಕ್ಕರಿನಲ್ಲೇ ಬೇಯಿಸುವವಳು. ಆದರೆ ಪರದೇಶದಲ್ಲೂ ಕೂಗುವುದು ಕುಕ್ಕರೇ ಎಂದಾದರೆ ಬ್ಲಾಗಿನಲ್ಲಿ ಬರೆಯುವುದೇನನ್ನು? ಕುಕ್ಕರನ್ನು ಒಲೆಯ ಮೇಲಿಟ್ಟುಕೊಂಡೇ ನಾನು ಅವಳಿಗೆ, 'ಅಯ್ಯೋ ಪಾಪ, ದಿನಾ ಹೇಗೆ ತಡ್ಕೋತೀಯೇ? ಬಿಟ್ಟು ಹೋಗು ಆ ಮನೆ. ನನ್ನ ಮಾತು ಕೇಳು' ಎಂದು ಬರೆದೆ. ಒಂದು ಸಲವಲ್ಲ, ಹನ್ನೊಂದು ಸಲ. ಅವಳು ಅಕ್ಕನ ಮಾತು ಕೇಳಿದಳು. ಮನೆ ಬಿಡುತ್ತೇನೆಂದು ಮಾಲೀಕರಿಗೆ ಪತ್ರ ಕೊಟ್ಟು, ಊರಿನ ಇನ್ನೊಂದು ತುದಿಯಲ್ಲಿ ಹೊಸ ಮನೆ ಹಿಡಿದಳು.

ಹೊರಡಲು ನಾಲ್ಕು ದಿನವಿದೆ ಎನ್ನುವಾಗ ಅವಳು ಬರೆದಳು: 'ರೆಫರಿ ಬಾಗಿಲಲ್ಲಿ ಒಂದು ಹೊಸ ಸಿಳ್ಳೆ ಇಟ್ಟು ಬರ್ತೀನಿ ಅಕ್ಕಾ, ಹೋಗುವಾಗಿನ ಉಡುಗೊರೆ.' ನಾನು ಕುಣಿದಾಡುತ್ತಾ 'ಇಡು ಇಡು! ಬಾಗಿಲು ತಟ್ಟಿ ಓಡು!' ಎಂದು ಬರೆದು ಗುಂಡಿ ಒತ್ತಿದೆ. ಎರಡೇ ನಿಮಿಷ. ನನ್ನ ಬಾಗಿಲು ತಟ್ಟಿದ ಸದ್ದು. ಮೆಟ್ಟಿಲು ಹತ್ತಿ ಓಡುವ ಚಪ್ಪಲಿ. ತಮ್ಮ ಲೇಖನದಂತೆ ಕಾಯಬೇಕಿತ್ತು, ಕಾಯಲಿಲ್ಲ. ಹೊಸ್ತಿಲಲ್ಲಿ ಕೆಂಪು ದಾರ ಕಟ್ಟಿದ ಒಂದು ಸಿಳ್ಳೆ.

ಎತ್ತಿಕೊಂಡು ಮೂರು ಸಲ ಊದಿ, 'ಸೂಜಿಮಲ್ಲಿಗೇ!' ಎಂದು ಕೂಗಿದೆ. ಮೇಲೆ ಚಪ್ಪಲಿ ನಿಂತಿತು. ಮೆಟ್ಟಿಲ ಕಂಬಿಯ ಮೇಲಿಂದ ಒಂದು ಸಣ್ಣ ಧ್ವನಿ: 'ಅಕ್ಕಾ?' ಆಮೇಲೆ ನಾವಿಬ್ಬರೂ ಅಲ್ಲೇ ಮೆಟ್ಟಿಲ ಮೇಲೆ ಕುಸಿದು ಕೂತು, ಹೊಟ್ಟೆ ಹಿಡಿದುಕೊಂಡು ನಕ್ಕ ಗದ್ದಲಕ್ಕೆ ಉಳಿದ ಮಹಡಿಗಳವರೆಲ್ಲ ಬಾಗಿಲ ಹಿಂದೆ ಸಭ್ಯವಾಗಿ ಕಾದರು.

ಆದರೆ ಮಾಲೀಕರು ನಗಲಿಲ್ಲ. ಮೂರನೆಯ ಮಹಡಿಯನ್ನು ಆಗಲೇ ಕ್ಲಾರಿನೆಟ್ ಕಲಿಯುತ್ತಿರುವ ದಂಪತಿಗೆ ಮಾತು ಕೊಟ್ಟಾಗಿತ್ತು. ನಾಲ್ಕು ದಿನ ಒಂದೇ ಮೇಜಿನಲ್ಲಿ ಉಂಡು, ಒಂದೂವರೆ ವರ್ಷದ ಹರಟೆಯನ್ನು ಬಾಯಲ್ಲಿ ಮತ್ತೊಮ್ಮೆ ಹರಟಿ, ಕಳೆದ ಭಾನುವಾರ ಅವಳ ಯಂತ್ರದ ಒಂದು ತುದಿಯನ್ನು ನಾನೇ ಹಿಡಿದು ಕೆಳಗಿಳಿಸಿದೆ. ಬೀರಿಗಿಂತ ಭಾರವಿದೆ. ಈಗ ಅವಳ ಮನೆಗೆ ಬಸ್ಸಿನಲ್ಲಿ ಒಂದೂವರೆ ಗಂಟೆಯ ಹಾದಿ.

ಆದುದರಿಂದ ತಾವು ದಯಮಾಡಿ ಕ್ಲಾರಿನೆಟ್ ದಂಪತಿಗೆ ಸಂಗೀತದಲ್ಲಿ ಜಿಗುಪ್ಸೆ ಹುಟ್ಟಿಸಬೇಕೆಂದೂ, ಶನಿವಾರಗಳಂದು ಮಾತ್ರವಾದರೂ ಈ ಊರನ್ನು ಮಡಚಿ ಚಿಕ್ಕದು ಮಾಡಿಸಿಕೊಡಬೇಕೆಂದೂ, ಅದಾಗದಿದ್ದರೆ ಪ್ರತಿಯೊಬ್ಬ ಸದಸ್ಯರೂ ತಿಂಗಳಿಗೊಮ್ಮೆ ತಮ್ಮ ಕಟ್ಟಡದ ಮೆಟ್ಟಿಲ ಮೇಲೆ ನಿಂತು 'ಊಟ ಆಯ್ತಾ?' ಎಂದು ಗಟ್ಟಿಯಾಗಿ ಕೂಗತಕ್ಕದ್ದು ಎಂಬ ನಿಯಮವನ್ನಾದರೂ ತರಬೇಕೆಂದೂ ವಿನಂತಿಸುತ್ತೇನೆ.

ಇಷ್ಟೆಲ್ಲ ಆದ ಮೇಲೂ ಹೇಗೋ ಉಳಿದುಕೊಂಡಿರುವ,
ತಮ್ಮ ವಿಶ್ವಾಸಿ,
ದಂತಕಥೆ

ಮರೆತ ಮಾತು: ಈ ಪತ್ರವನ್ನು ಕಳಿಸುವ ಮುನ್ನ ಇಂದು ಬೆಳಿಗ್ಗೆ ಅವಳ ಮನೆಗೆ ಹೊರಟು ಬಸ್ಸಿನ ಸಾಲಿನಲ್ಲಿ ನಿಂತಿದ್ದೆ. ಪರೀಕ್ಷೆಗೆಂದು, ಯಾರನ್ನೂ ನೋಡದೆ, 'ಸ್ವಲ್ಪ ಸರೀರಿ' ಎಂದು ಕನ್ನಡದಲ್ಲಿ ಗಟ್ಟಿಯಾಗಿ ಹೇಳಿದೆ. ಮುಂದಿದ್ದ ಐವರಲ್ಲಿ ಇಬ್ಬರು ಸರಿದರು. ಇಬ್ಬರೂ ತಮ್ಮ ಸದಸ್ಯರೇ. ಮೂರು ವರ್ಷದಿಂದ ದಿನವೂ ಅದೇ ಸಾಲಿನಲ್ಲಿ ಒಬ್ಬರ ಹಿಂದೊಬ್ಬರು ನಿಂತು, ಫೋನಿನಲ್ಲಿ ಒಬ್ಬರಿಗೊಬ್ಬರು 'ನಿಮ್ಮ ಕಡೆ ಬಸ್ಸು ಹೇಗೆ?' ಎಂದು ಬರೆದುಕೊಳ್ಳುತ್ತಿದ್ದಾರಂತೆ.