ಪ್ಯಾರಿಸ್ಸಿಗೊಂದು ಟ್ರಯಲ್

ನಮ್ಮ ಭಾವನಷ್ಟು ದೇಶ ಸುತ್ತಿದವರು ಚನ್ನಗಿರಿ ತಾಲ್ಲೂಕಿನಲ್ಲಿ ಇನ್ನೊಬ್ಬರಿಲ್ಲ ಎಂದು ನಾನು ಯಾವ ಸಭೆಯಲ್ಲಿ ಬೇಕಾದರೂ ಎದ್ದು ನಿಂತು ಹೇಳಬಲ್ಲೆ. ಸುತ್ತಿದ್ದೆಲ್ಲ ಬರೀ ಬಾಯಲ್ಲಿ ಎಂಬ ಸಣ್ಣ ತಿದ್ದುಪಡಿಯನ್ನು ಸಭೆ ಮುಗಿದ ಮೇಲೆ ಸೇರಿಸಿಕೊಂಡರಾಯಿತು.

ಭಾವ ದರ್ಜಿ. ಅವರ ಅಂಗಡಿಯ ಬೋರ್ಡಿನ ಮೇಲೆ ಮೂವತ್ತಾರು ವರ್ಷಗಳಿಂದ ‘ಪ್ಯಾರಿಸ್’ ಎಂಬ ಕೆಂಪಕ್ಷರಗಳಿವೆ. ಪಕ್ಕದಲ್ಲಿ ಆ ಊರಿನ ಜಗತ್ಪ್ರಸಿದ್ಧ ಗೋಪುರವೂ ಇದೆ. ಬರೆದ ಪೇಂಟರ್ ಅದನ್ನು ನೋಡಿರಲಿಲ್ಲ, ಬರೆಸಿದ ಭಾವನೂ ನೋಡಿರಲಿಲ್ಲ. ಹೀಗಾಗಿ, ಮೊಬೈಲ್ ಟವರ್ ಎಂಬ ವಸ್ತು ಈ ಭೂಮಿಗೆ ಬರುವ ಎಷ್ಟೋ ವರ್ಷ ಮೊದಲೇ ಅದರ ಚಿತ್ರ ಚನ್ನಗಿರಿಯಲ್ಲಿ ಸಿದ್ಧವಾಗಿತ್ತು!

ಅಂಗಡಿಯಲ್ಲಿ ಭಾವ ಕತ್ತರಿಸುತ್ತಾರೆ, ಹೊಲಿಯುತ್ತಾರೆ. ಕಾಜಾ ಹಾಕುವುದು, ಗುಂಡಿ ಹಚ್ಚುವುದು, ಅಂಚು ಮಡಿಸುವುದು, ಹೇಳಿದ ದಿನ ಬಟ್ಟೆ ಸಿಗದ ಗಿರಾಕಿಗಳ ಬೈಗುಳ ಕೇಳುವುದು, ಇಷ್ಟು ನಮ್ಮ ಅಕ್ಕನ ಪಾಲು. ಇದರಲ್ಲಿ ಕೊನೆಯದೇ ಪೂರ್ಣಾವಧಿ ಕೆಲಸ.

ಕಳೆದ ವರ್ಷ ಕೆರೆಬಿಳಚಿಯ ಹೆಂಗಸೊಬ್ಬಳು ರವಿಕೆ ಒಯ್ಯಲು ಬಂದವಳು ಬೋರ್ಡು ನೋಡಿ, “ಅಕ್ಕಾ, ಪ್ಯಾರಿಸ್ ಹೆಂಗೈತೆ?” ಎಂದು ಕೇಳಿದಳು. ಅಕ್ಕ ಸೂಜಿ ಕೆಳಗಿಟ್ಟಳು. ಆ ದಿನ ಮಧ್ಯಾಹ್ನ ಊಟಕ್ಕೆ ಬಡಿಸುತ್ತ ಭಾವನಿಗೆ ಹೇಳಿದಳು: “ಬೋರ್ಡು ನಮ್ಮದೇ, ಊರು ಹೆಂಗೈತೆ ಅಂತ ನಮಗೇ ಗೊತ್ತಿಲ್ಲ. ಒಂದ್ಸಲ ನೋಡ್ಕಂಡು ಬರಾಣ್ರಿ.”

ಭಾವ ತಕ್ಷಣ ಒಪ್ಪಿಕೊಂಡರು. ಅಲ್ಲೇ ನನಗೆ ಅನುಮಾನ ಬಂದದ್ದು. ಭಾವ ತಕ್ಷಣ ಒಪ್ಪಿಕೊಂಡ ಯಾವ ಕೆಲಸವೂ ಈ ಜಗತ್ತಿನಲ್ಲಿ ಇದುವರೆಗೆ ನಡೆದಿಲ್ಲ. ಮದುವೆಯಾದ ವರ್ಷ ಅಕ್ಕನಿಗೆ ಮೈಸೂರು ತೋರಿಸುತ್ತೇನೆ ಎಂದು ಹೀಗೇ ಒಪ್ಪಿಕೊಂಡಿದ್ದರು. ಮೈಸೂರು ಇನ್ನೂ ಅಲ್ಲೇ ಇದೆ, ಅಕ್ಕ ಇಲ್ಲೇ ಇದ್ದಾಳೆ.

ಆದರೆ ಈ ಸಲ ಅಕ್ಕ ಬಿಡಲಿಲ್ಲ. ದಾವಣಗೆರೆಯ ಟೂರ್ ಏಜೆಂಟನ ಬಳಿ ತಾನೇ ಹೋಗಿ, ಯುಗಾದಿಯ ನಂತರ ಹೊರಡುವ ಒಂಬತ್ತು ದಿನದ ತಂಡದಲ್ಲಿ ಇಬ್ಬರ ಹೆಸರನ್ನೂ ಬರೆಸಿ ಬಂದಳು. ಇನ್ನು ಹಿಂದೆ ಸರಿಯುವಂತಿಲ್ಲ ಎಂದಾಗ ಭಾವ ತಮ್ಮ ವೃತ್ತಿಧರ್ಮವನ್ನು ಮುಂದೆ ಮಾಡಿದರು.

“ನೋಡ್ರಿ ಗುಮಾಸ್ತರೆ,” ಎಂದರು. ತಾಲ್ಲೂಕು ಕಚೇರಿಯಿಂದ ನಾನು ನಿವೃತ್ತನಾಗಿ ಆರು ವರ್ಷವಾದರೂ ಅವರ ಬಾಯಲ್ಲಿ ಇನ್ನೂ ಸೇವೆಯಲ್ಲಿದ್ದೇನೆ. “ಟ್ರಯಲ್ ನೋಡದೆ ಫೈನಲ್ ಹೊಲಿಗೆ ಹಾಕಿದ್ರೆ ಬಟ್ಟೆ ಕೆಡ್ತತೆ. ಪ್ಯಾರಿಸ್ಸಿಗೂ ಟ್ರಯಲ್ ಬೇಕು.”

“ಪ್ಯಾರಿಸ್ಸಿಗೆ ಟ್ರಯಲ್ ಎಲ್ಲಿ ಮಾಡ್ತೀರಿ?”

“ಹೊನ್ನಾಳ್ಯಾಗೆ.”

ಏಜೆಂಟ್ ಕೊಟ್ಟ ಕಾಗದದಲ್ಲಿ ಎರಡನೆಯ ದಿನ ನದಿಯ ಮೇಲೆ ಒಂದು ಗಂಟೆ ವಿಹಾರ ಎಂದಿತ್ತು. ಒಂದು ಗಂಟೆ ಸುಮ್ಮನೆ ನೀರು ನೋಡಿಕೊಂಡು ಕೂರಲು ತಮ್ಮಿಂದ ಆದೀತೇ ಎಂಬುದು ಭಾವನ ಮೊದಲ ಆತಂಕ. ಅದಕ್ಕೆಂದೇ ಹೊಸದಾಗಿ ಹೊಲಿದುಕೊಂಡ ಮೊಣಕಾಲುದ್ದದ ಕರೀ ಕೋಟು ಧರಿಸಿ, ನನ್ನನ್ನೂ ಕರೆದುಕೊಂಡು, ಬೆಳಗಿನ ಬಸ್ಸಿಗೆ ಹೊನ್ನಾಳಿ ತಲುಪಿ ತುಂಗಭದ್ರೆಯ ದಡದಲ್ಲಿ ಕೂತರು. ಗಂಭೀರ ಮುಖ, ನೀರಿನ ಮೇಲೆ ನೆಟ್ಟ ದೃಷ್ಟಿ, ಕೈಯಲ್ಲಿ ಬ್ರೆಡ್ಡಿನ ಪೊಟ್ಟಣ. ಇಪ್ಪತ್ತು ನಿಮಿಷ ಕಳೆಯುವುದರೊಳಗೆ ಹಿರಿಯರೊಬ್ಬರು ಬಂದು ಪಕ್ಕದಲ್ಲಿ ಕೂತು, ಭಾವನ ಬೆನ್ನ ಮೇಲೆ ಕೈಯಿಟ್ಟರು.

“ಹೋದೋರು ಹೋದ್ರು ಯಜಮಾನ್ರೆ. ಇರೋರು ಧೈರ್ಯ ತಗಬೇಕು. ಮನೇಲಿ ಯಾರು ತೀರ್ಕಂಡಿದ್ದು?”

ಭಾವ ತಮ್ಮ ಏಕಾಗ್ರತೆ ಕೆಡಬಾರದೆಂದು ಉತ್ತರಿಸಲಿಲ್ಲ. ದುಃಖ ಬಹಳ ಆಳವಾದದ್ದೆಂದು ತಿಳಿದ ಆ ಪುಣ್ಯಾತ್ಮರು ಇನ್ನಿಬ್ಬರನ್ನು ಕರೆತಂದರು! ವಿಹಾರ ಮುಗಿಯುವ ಹೊತ್ತಿಗೆ ನಮ್ಮ ಸುತ್ತ ಏಳು ಜನ ಮೌನವಾಗಿ ಕೂತಿದ್ದರು. ಅವರೆಲ್ಲರ ಸಮಾಧಾನಕ್ಕೆ ನಾನು ಬದುಕಿಲ್ಲದ ಚಿಕ್ಕಪ್ಪನೊಬ್ಬನನ್ನು ಇನ್ನೊಮ್ಮೆ ಸಾಯಿಸಬೇಕಾಯಿತು.

“ನದಿ ಪಾಸಾತು,” ಎಂದು ಭಾವ ಬಸ್ಸಿನಲ್ಲಿ ಘೋಷಿಸಿದರು. ಅಕ್ಕನಿಗೆ ವರದಿ ಒಪ್ಪಿಸಿದಾಗ ಅವಳು ಕೇಳಿದ್ದು ಒಂದೇ: “ಪಾಸ್‌ಪೋರ್ಟಿಗೆ ಅರ್ಜಿ ಹಾಕಿದ್ರಾ?”

ಹಾಕಿರಲಿಲ್ಲ. ನಾನೇ ಹಾಕಿಸಿದೆ. ಪಾಸ್‌ಪೋರ್ಟ್ ಬಂದ ಮೇಲೆ ಅದರ ರಕ್ಷಣೆಗೆ ಭಾವ ಬನಿಯನ್ನಿನ ಒಳಮೈಗೆ ಜೇಬೊಂದನ್ನು ಹೊಲಿದು, ಅದಕ್ಕೆ ಮೂರು ಗುಂಡಿ ಇಡಿಸಿದರು. ಜೇಬುಗಳ್ಳರು ಎಂಬ ವರ್ಗ ಪ್ಯಾರಿಸ್ಸಿನಲ್ಲಿ ಬಹಳ ಎಂದು ಯಾರೋ ಹೇಳಿದ್ದರಂತೆ. ಪಾಸ್‌ಪೋರ್ಟ್ ತೋರಿಸಿ ಎಂದು ದಾವಣಗೆರೆಯ ಏಜೆಂಟ್ ಕೇಳಿದ ದಿನ, ಆ ಕಚೇರಿಯಲ್ಲಿದ್ದ ಹೆಣ್ಣುಮಕ್ಕಳೆಲ್ಲ ಹೊರಗೆ ಹೋಗಿ ನಿಲ್ಲಬೇಕಾಯಿತು!

ಎರಡನೆಯ ಟ್ರಯಲ್ ನ್ಯಾಮತಿಯಲ್ಲಿ. ಭಾಷೆ ತಿಳಿಯದ ಊರಿನಲ್ಲಿ ಬರೀ ಕೈಸನ್ನೆಯಿಂದ ಬದುಕುವುದು ಹೇಗೆ ಎಂಬುದು ವಿಷಯ. ನ್ಯಾಮತಿಯಲ್ಲಿ ತಮ್ಮನ್ನು ಯಾರೂ ಅರಿಯರು ಎಂಬುದು ಭಾವನ ಲೆಕ್ಕಾಚಾರ. ಹೋಟೆಲ್ಲಿನಲ್ಲಿ ಕೂತು, ತುಟಿ ಬಿಗಿದು, ಮಾಣಿಯ ಮುಂದೆ ಬೆರಳುಗಳಿಂದ ಲೋಟ ಮಾಡಿ ತೋರಿಸಿದರು, ಅದರ ಮೇಲೆ ಹಬೆ ಆಡಿಸಿದರು, ಸಕ್ಕರೆ ಕಡಿಮೆ ಎಂಬುದನ್ನು ಮುಖ ಕಿವುಚಿ ಸೂಚಿಸಿದರು. ಮಾಣಿ ಕಷಾಯ ತಂದಿಟ್ಟ. ಅಷ್ಟರಲ್ಲಿ ಮೂಲೆಯ ಮೇಜಿನಿಂದ ದಪ್ಪ ಆಳೊಬ್ಬರು ಎದ್ದು ಬಂದರು.

“ಏನ್ರೀ ಟೈಲರ್ರೆ! ದೀಪಾವಳಿಗೆ ಕೊಡ್ತೀನಿ ಅಂದ ಪ್ಯಾಂಟು ಶಿವರಾತ್ರಿ ಆದ್ರೂ ಇಲ್ಲ. ಫೋನ್ ಮಾಡಿದ್ರೆ ಎತ್ತಲ್ಲ. ಈಗ ಎದುರಿಗೆ ಸಿಕ್ಕರೆ ಮೂಗ ಆಗಿಬಿಟ್ರಾ?”

ಭಾವ ನಿಯಮ ಮುರಿಯಲಿಲ್ಲ. ಎರಡು ಬೆರಳು ಎತ್ತಿದರು.

“ಎರಡು ದಿನಾನೋ, ಎರಡು ವರ್ಷಾನೋ? ಬಾಯಿ ಬಿಡ್ರಿ!”

ಇಂಥ ಪ್ರಶ್ನೆಗೆ ಕೈಸನ್ನೆಯಲ್ಲಿ ಉತ್ತರವಿಲ್ಲ. ಕನ್ನಡದಲ್ಲೂ ಭಾವನ ಬಳಿ ಇರಲಿಲ್ಲವೆನ್ನಿ.

ಮೂರನೆಯದು ಚಳಿಯ ಪರೀಕ್ಷೆ. ಚಳಿಯ ಪರೀಕ್ಷೆಗೆ ಭಾವ ಆರಿಸಿಕೊಂಡ ಸ್ಥಳ ಯಾವುದು ಎನ್ನುತ್ತೀರಿ? ಜಗಳೂರು! ಮಾರ್ಚ್ ತಿಂಗಳ ಮಟಮಟ ಮಧ್ಯಾಹ್ನ! “ಬಿಸಿಲು ಒಳಗೆ ಬಿಡದ ಕೋಟು ಚಳೀನೂ ಬಿಡಾದಿಲ್ಲ” ಎಂಬುದು ಸಿದ್ಧಾಂತ. ಆ ತಾಲ್ಲೂಕಿನ ಬಿಳಿಚೋಡಿನ ಹತ್ತಿರ ಬಸ್ಸಿಳಿದು, ಬಯಲಿನಲ್ಲಿ ಆ ಕರೀ ಕೋಟಿನೊಳಗೆ ಒಂದು ಫರ್ಲಾಂಗ್ ನಡೆಯುವುದರಲ್ಲಿ ಭಾವನ ಮುಖ ಬೆಂದ ಬದನೆಕಾಯಿಯ ಬಣ್ಣಕ್ಕೆ ತಿರುಗಿತು. ಕುರಿ ಮೇಯಿಸುತ್ತಿದ್ದ ಮುದುಕರೊಬ್ಬರು ಕಂಬಳಿ ಹೊದ್ದು ಜಾಲಿಯ ನೆರಳಲ್ಲಿ ಆರಾಮಾಗಿ ಕೂತಿದ್ದರು. ಕೋಟಿನ ಅಂಚು ಮುಟ್ಟಿ ನೋಡಿ ಕೇಳಿದರು:

“ಇದು ಮಳೆ ತಡೀತದಾ?”

“ಇಲ್ಲ.”

“ಹಾಸ್ಕಂಡು ಮಲಗಾಕೆ ಬರ್ತದಾ?”

“ಇಲ್ಲ.”

“ಕುರಿಮರಿ ಸುತ್ಕಂಡು ಬರಾಕೆ?”

ಭಾವ ಹಣೆಯ ಬೆವರು ಒರೆಸಿಕೊಂಡರು.

“ಮತ್ತೆ ಯಾಕ್ರೀ ಹೊತ್ಕಂಡು ತಿರುಗ್ತೀರಿ?”

ಸಂಜೆ ಭಾವ ಹೆಗಲ ಮೇಲೆ ಕಂಬಳಿ ಹಾಕಿಕೊಂಡು ಮನೆಗೆ ಬಂದರು. ಕೋಟು ಬಿಳಿಚೋಡಿನ ಕುರಿಹಟ್ಟಿಯಲ್ಲಿ ಯಾವ ಮರಿಯ ಮೈಮೇಲಿದೆಯೋ ನಾನರಿಯೆ.

“ಇನ್ನು ಒಂದೇ ಟ್ರಯಲ್ ಬಾಕಿ,” ಎಂದು ಅವರು ಬಾಗಿಲಲ್ಲೇ ಶುರು ಮಾಡಿದರು. “ಎತ್ತರದ್ದು. ಉಬ್ರಾಣಿ ಕಡೆ ಒಂದು ಗುಡ್ಡ ಐತೆ…”

ಅಕ್ಕ ಕೈಯಲ್ಲಿದ್ದ ಅಂಗಿಯನ್ನು ಮಡಚಿ ಪಕ್ಕಕ್ಕಿಟ್ಟಳು. ದನಿ ಏರಿಸಲಿಲ್ಲ. “ಏಜೆಂಟ್ ಫೋನ್ ಮಾಡಿದ್ದ. ಸೋಮವಾರದೊಳಗೆ ವೀಸಾ ಕಾಗದ ಕೊಡದಿದ್ರೆ ನಮ್ಮಿಬ್ಬರ ಹೆಸರು ತೆಗೀತಾನಂತೆ. ನಾನೇನು ಬೇಜಾರು ಮಾಡ್ಕಳಲ್ಲ. ಆದ್ರೆ ಇನ್ನು ಮುಂದೆ ನಿಮ್ಮನ್ನ ಏನೂ ಕೇಳಾದಿಲ್ಲ. ಅಷ್ಟೆ.”

ಬೈದಿದ್ದರೆ ಭಾವ ನಿಭಾಯಿಸುತ್ತಿದ್ದರು, ಅದರಲ್ಲಿ ಅವರಿಗೆ ಮೂವತ್ತಾರು ವರ್ಷದ ಅನುಭವವಿದೆ. ಈ ಮಾತು ಕೇಳಿದ್ದೇ ಕಂಬಳಿ ತೆಗೆದು ಗೂಟಕ್ಕೆ ಹಾಕಿ, ಮರುದಿನ ಬೆಳಗ್ಗೆ ನನ್ನನ್ನು ಅಂಗಡಿಗೆ ಬರಹೇಳಿದರು.

ಅಕ್ಕ ಹಿಂದಿನ ಕೋಣೆಯಲ್ಲಿ ಇಸ್ತ್ರಿ ಮಾಡುತ್ತಿದ್ದಳು. ನಾನು ಕತ್ತರಿಸುವ ಮೇಜಿನ ಮೇಲೆ ಅರ್ಜಿ ಹರಡಿ ತುಂಬತೊಡಗಿದೆ. ಭಾವನದು ಸಲೀಸಾಗಿ ಮುಗಿಯಿತು. ಅಕ್ಕನ ಅರ್ಜಿಯಲ್ಲಿ ‘ಉದ್ಯೋಗ’ ಎಂಬಲ್ಲಿಗೆ ಬಂದೆ. ನಮ್ಮ ಕಡೆ ಇದಕ್ಕೆ ಯಾರೂ ಯಾರನ್ನೂ ಕೇಳುವುದಿಲ್ಲ. ಕಚೇರಿಯಲ್ಲಿ ಸಾವಿರ ಹೆಂಗಸರ ಅರ್ಜಿಯಲ್ಲಿ ಬರೆದಂತೆ ‘ಗೃಹಿಣಿ’ ಎಂದು ಬರೆಯಹೊರಟೆ.

“ತಡೀರಿ,” ಎಂದರು ಭಾವ. “ಅವಳು ಕೆಲಸದಾಗವಳೆ.”

ನಾನು ಅವರ ಮುಖ ನೋಡಿದೆ. ಕೆಲಸದಲ್ಲಿದ್ದರೆ ಕೆಲಸ ಕೊಟ್ಟವರಿಂದ ರಜೆ ಮಂಜೂರಾದ ಪತ್ರ ಬೇಕಾಗುತ್ತದೆ, ಇಲ್ಲದ ತಾಪತ್ರಯ, ಗೃಹಿಣಿ ಎಂದರೆ ಸುಲಭ ಎಂದು ತಿಳಿಸಿ ಹೇಳಿದೆ.

“ಬೇಕಾದ್ರೆ ಬೇಕು. ಬರೀರಿ.”

ಅಂಗಡಿಗೆ ಲೆಟರ್‌ಹೆಡ್ ಎಂಬುದಿಲ್ಲ. ಬಿಲ್ ಪುಸ್ತಕದಿಂದ ಒಂದು ಹಾಳೆ ಹರಿದು ಕೊಟ್ಟರು. ನಾನು ಕಚೇರಿಯ ಭಾಷೆಯಲ್ಲಿ ಶುರು ಮಾಡಿದೆ: ‘ಸದರಿ ಶ್ರೀಮತಿಯವರು ನಮ್ಮ ಅಂಗಡಿಯಲ್ಲಿ ಮೂವತ್ತಾರು ವರ್ಷಗಳಿಂದ ಸೇವೆ ಸಲ್ಲಿಸುತ್ತಿದ್ದು…’

“ಇದುವರೆಗೆ ಪಡೆದ ರಜೆ ಎಷ್ಟು?” ಎಂದು ವಾಡಿಕೆಯಂತೆ ಕೇಳಿದೆ.

ಭಾವ ಟೇಪನ್ನು ಬೆರಳಿಗೆ ಸುತ್ತಿಕೊಳ್ಳುತ್ತ ಲೆಕ್ಕ ಹಾಕಿದರು. “ಎರಡು ಹೆರಿಗೆ,” ಎಂದರು. ಮತ್ತೆ ಸುತ್ತಿದ್ದನ್ನು ಬಿಚ್ಚಿದರು. “ಎರಡನೇದ್ರಾಗೆ ಒಂದು ಮದುವೆ ಆರ್ಡರ್ ಇತ್ತು. ಮಗೂನ ಮಗ್ಗುಲಿಗೆ ಮಲಗಿಸ್ಕಂಡು ನಲವತ್ತು ರವಿಕೆಗೆ ಹುಕ್ಕು ಹಚ್ಚಿದ್ಲು. ಒಂದು ಅಂತ ಬರೀರಿ.”

ಬರೆದೆ. ಭಾವ ಸಹಿ ಹಾಕಿದರು. ಓದಿ ನೋಡೆಂದು ಅಕ್ಕನನ್ನು ಕರೆದೆ. ಅವಳು ನಿಂತಲ್ಲೇ, ಸಾಲಿನ ಕೆಳಗೆ ಬೆರಳಿಟ್ಟು, ನಿಧಾನವಾಗಿ ಓದಿದಳು. ಮುಗಿದ ಮೇಲೆ ಮತ್ತೆ ಮೊದಲಿನಿಂದ ಓದಿದಳು. ಆಮೇಲೆ ನಾಲ್ಕು ಮಡಿಕೆ ಮಡಚಿ ಸೊಂಟದ ಚೀಲಕ್ಕೆ ಸೇರಿಸಿದಳು.

“ಅಕ್ಕಾ, ಅದು ವೀಸಾಕ್ಕೆ ಕಳಿಸಬೇಕು,” ಎಂದೆ.

“ಜೆರಾಕ್ಸ್ ಕಳಿಸು.”

“ಅವರಿಗೆ ಒರಿಜಿನಲ್ಲೇ ಬೇಕಂತೆ. ಇಲ್ಲದಿದ್ರೆ ವೀಸಾ ಕೊಡಾದಿಲ್ಲ.”

“ಕೊಡದಿದ್ರೆ ಬಿಡ್ಲಿ ತಮ್ಮಾ,” ಎಂದು ಅವಳು ಇಸ್ತ್ರಿಯ ಕಡೆ ತಿರುಗಿದಳು.

ಭಾವ ಬಿಲ್ ಪುಸ್ತಕ ತೆರೆದು, ಇನ್ನೊಂದು ಹಾಳೆಯನ್ನು ಅಂಚು ಕೆಡದ ಹಾಗೆ ಕತ್ತರಿಯಿಂದ ಬಿಡಿಸಿ, ನನ್ನ ಮುಂದಿಟ್ಟರು.